ಜಟ್ಟಿ ಬಿದ್ದ, ಮೀಸೆ ಮಣ್ಣಾಗಲಿಲ್ಲ: ಸೋತ ಬಾಕ್ಸರ್ ಸಬೂಬು ಹೇಳುವುದೇಕೆ?

ಬೆಂಗಳೂರಿನ ರಾತ್ರಿ ರೈಲು ಇಳಿದ ಹುಡುಗ ಮನೆಗೂ ಹೋಗದೆ ಸೀದಾ ಪ್ರಾಕ್ಟೀಸಿಗೆ ಬಂದಿದ್ದ. ಹುಬ್ಬಳ್ಳಿಯಲ್ಲಿ ಬಾಕ್ಸಿಂಗ್ ಕಲಿಸುವ ಜಾಗ ಅಂದಕೂಡಲೇ ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ಹಿಂದೆ ಗೋದಾಮಾಗಿದ್ದ ಕೋಣೆ. ಕಬ್ಬಿಣದ ತೊಲೆಗೆ ಎರಡು ಪಂಚಿಂಗ್ ಬ್ಯಾಗ್ ನೇತಾಡುತ್ತವೆ, ಅದರಲ್ಲೊಂದು ಹೊಲಿಗೆ ಬಿಚ್ಚಿ ಹಳೇ ಚಿಂದಿಬಟ್ಟೆ ಹೊರಗೆ ಹಣಿಕಿಕ್ಕುತ್ತಿದೆ. ಗೋಡೆಗೆ ಮೂಲೆ ಒಡೆದ ಕನ್ನಡಿ. ತಂಗಿಯ ಮಗನನ್ನು ಬಿಡಲು ಹೋದ ನಾನು ಚಹಾದ ಆಸೆಗೆ ಅಲ್ಲೇ ನಿಂತಿದ್ದೆ.

"ಏನಾತೋ?" ಕೋಚ್ ಕೇಳಿದರು.

"ಹೋತ್ರಿ ಸರ್. ಮೊದಲನೇ ಬೌಟಿಗೇ."

"ಯಾಕ?"

"ಗ್ಲೌಸ್ ಹಸಿ ಇದ್ವರಿ ಸರ್. ಮುಂಚೆ ಆಡಿದವನ ಬೆವರು ಕುಡದು ಭಾರ ಆಗಿದ್ದೂ. ಮತ್ತ ರಾತ್ರಿ ನಿದ್ದಿ ಇಲ್ಲ. ರೆಫ್ರೀನೂ ಅವರ ಕಡೇನ ಇದ್ದ."

ಕೋಚ್ ಏನೂ ಅನ್ನಲಿಲ್ಲ. ಗೆಳೆಯ ಯಾರೋ ಕಳಿಸಿದ್ದ ವಿಡಿಯೊ ಫೋನಿನಲ್ಲಿ ಹಾಕಿ ಹುಡುಗನ ಮುಂದೆ ಹಿಡಿದರು. "ಎಡಗೈಲೆ ಜ್ಯಾಬ್ ಹೊಡೀವಾಗ ಬಲಗೈ ಎಲ್ಲೈತಿ ನೋಡು."

"ಕೆಳಗ ಐತ್ರಿ."

"ಅವನ ಎಡಗೈ ಹುಕ್ ಎಲ್ಲಿ ಬಿತ್ತು?"

"ಇಲ್ಲೇರಿ," ಅಂತ ಬಲಗೆನ್ನೆ ಮುಟ್ಟಿಕೊಂಡ. "ಹೌದ್ರಿ ಸರ್. ಆದ್ರ..."

ಈ 'ಆದ್ರ' ನಮ್ಮ ಸೀಮೆಗೆ ಹೊಸದಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆ ಹುಟ್ಟಿದ್ದು ಕುಸ್ತಿ ಕಣದ ಅಂಚಿನಲ್ಲಿ ಕೂತು ಇದನ್ನೇ ನೂರು ಸಲ ಕೇಳಿದವರ ಬಾಯಲ್ಲಿ. ಕುಣಿಯಲಾರದವಳು ನೆಲ ಡೊಂಕು ಅಂದ ಕತೆಯೂ ಎಲ್ಲರಿಗೂ ಗೊತ್ತು. ಹಾಗಿದ್ದರೂ ಬಾಕ್ಸಿಂಗ್‌ನಲ್ಲಿ ಈ ನೆಲ ಡೊಂಕಾಗುವುದು ಸ್ವಲ್ಪ ಜಾಸ್ತಿಯೇ. ಕ್ರಿಕೆಟಿಗ ಸೋತರೆ ಟಾಸ್, ಇಬ್ಬನಿ ಅನ್ನುತ್ತಾನೆ, ಅಲ್ಲಿಗೆ ಮುಗಿಯಿತು. ಬಾಕ್ಸರ್‌ಗಳ ಸಬೂಬುಗಳು ಮಾತ್ರ ಪಂದ್ಯಕ್ಕಿಂತ ಹೆಚ್ಚು ಕಾಲ ಬದುಕುತ್ತವೆ.

2011ರ ಜುಲೈ 2ರಂದು ಹ್ಯಾಂಬರ್ಗ್‌ನಲ್ಲಿ ಬ್ರಿಟನ್ನಿನ ಡೇವಿಡ್ ಹೇ ಉಕ್ರೇನಿನ ವ್ಲಾದಿಮಿರ್ ಕ್ಲಿಚ್ಕೊ ಎದುರು 12 ಸುತ್ತು ಆಡಿ ಸೋತ. ಮೂವರು ತೀರ್ಪುಗಾರರದೂ ಒಂದೇ ಮಾತು, ಒಬ್ಬರ ಲೆಕ್ಕದಲ್ಲಂತೂ 118-108. ಪಂದ್ಯಕ್ಕೆ ಮುಂಚೆ ತಿಂಗಳುಗಟ್ಟಲೆ ಎದುರಾಳಿಯನ್ನು ಬಾಯಿಗೆ ಬಂದಂತೆ ಬೈದಿದ್ದ ಹೇ, ಸೋತ ಮೇಲೆ ಪತ್ರಕರ್ತರೆದುರು ಬೂಟು ಬಿಚ್ಚಿ ಮೇಜಿನ ಮೇಲೆ ಹತ್ತಿ ನಿಂತು ಬಲಗಾಲಿನ ಕಿರುಬೆರಳು ತೋರಿಸಿದ. ಮೂಳೆ ಮುರಿದಿದೆ, ನೆಲಕ್ಕೆ ಕಾಲೊತ್ತಿ ಹೊಡೆಯಲು ಆಗಲಿಲ್ಲ ಎಂಬ ವಿವರಣೆ. ಆ ಬೆರಳು ಇವತ್ತಿಗೂ ಅವನ ಹೆಸರಿನ ಹಿಂದೆಯೇ ನಡೆಯುತ್ತದೆ.

ಅದನ್ನೂ ಮೀರಿಸಿದವನು ಅಮೆರಿಕದ ಡಿಯಾಂಟೆ ವೈಲ್ಡರ್. 2020ರ ಫೆಬ್ರುವರಿ 22ರಂದು ಲಾಸ್ ವೇಗಸ್‌ನಲ್ಲಿ ಟೈಸನ್ ಫ್ಯೂರಿ ಅವನನ್ನು 7ನೇ ಸುತ್ತಿನ ತನಕ ಅಟ್ಟಾಡಿಸಿ ಹೊಡೆದ. ವೈಲ್ಡರ್‌ನ ಕಾರ್ನರ್‌ನಲ್ಲಿ, ಅಂದರೆ ರಿಂಗಿನ ಅವನ ಮೂಲೆಯಲ್ಲಿ, ನಿಂತಿದ್ದ ಟ್ರೇನರ್ ಮಾರ್ಕ್ ಬ್ರೀಲಂಡ್ 'ಸಾಕು' ಎಂಬ ಸಂಜ್ಞೆಯಾಗಿ ಟವೆಲ್ ಎಸೆದು ಪಂದ್ಯ ನಿಲ್ಲಿಸಿದ. ಮರುದಿನಗಳಲ್ಲಿ ಬಂದ ಸಬೂಬು: ರಿಂಗಿಗೆ ಬರುವಾಗ ತೊಟ್ಟ ಅಲಂಕಾರದ ಉಡುಗೆ 40 ಪೌಂಡಿಗಿಂತ ಹೆಚ್ಚಿತ್ತು, ಪಂದ್ಯ ಶುರುವಾಗುವ ಹೊತ್ತಿಗೇ ಕಾಲು ಸೋತಿದ್ದವು. 40 ಪೌಂಡ್ ಅಂದರೆ 18 ಕಿಲೊ. ನಮ್ಮ ಎಪಿಎಂಸಿಯ ಹಮಾಲರು ಕೇಳಿದರೆ ನಕ್ಕಾರು. ಆಮೇಲೆ ಫ್ಯೂರಿಯ ಗ್ಲೌಸಿನಲ್ಲಿ ಮೋಸವಿತ್ತು ಅಂದ, ತನ್ನ ನೀರಿಗೆ ಏನೋ ಬೆರೆಸಿದ್ದರು ಅಂದ. ಅದಕ್ಕೆ ಆಧಾರ ಹೊರಬರಲಿಲ್ಲ. ಟವೆಲ್ ಎಸೆದ ಬ್ರೀಲಂಡ್ ಕೆಲಸ ಕಳೆದುಕೊಂಡ.

ಇವರನ್ನು ನೋಡಿ ನಗುವುದು ಸುಲಭ. ನನಗೂ ನಗು ಬಂತು. ಆದರೆ ಇಷ್ಟು ದೂರದ ಊರುಗಳಲ್ಲಿ, ಇಷ್ಟು ಬೇರೆ ಬೇರೆ ಸ್ವಭಾವದವರು ಒಂದೇ ತರಹ ನಡೆದುಕೊಂಡರೆ ಅದು ಸ್ವಭಾವದ ದೋಷ ಇರಲಿಕ್ಕಿಲ್ಲ, ಆ ಕಸುಬಿನಲ್ಲೇ ಏನೋ ಇರಬೇಕು.

ಮೊದಲು ಸೋಲು ಅಂದರೆ ಏನು ಅನ್ನುವುದನ್ನೇ ನೋಡಿ. ನಮ್ಮ ಜಾತ್ರೆಯ ಜಂಗೀ ಕುಸ್ತಿಯಲ್ಲಿ ಇದು ಬಹಳ ಸರಳ. ಬೆನ್ನು ಮಣ್ಣಿಗೆ ತಾಗಿದರೆ ಚಿತ್. ಹಲಗಿ ಬಡಿಯುವವನಿಗೆ ಕಾಣುತ್ತದೆ, ಮರದ ಮೇಲೆ ಕೂತ ಹುಡುಗನಿಗೂ ಕಾಣುತ್ತದೆ. ಪೈಲ್ವಾನ ಎದ್ದಾಗ ಬೆನ್ನಿಗೆ ಕೆಂಪು ಮಣ್ಣು ಮೆತ್ತಿರುತ್ತದೆ, ಅದನ್ನು ಒರೆಸಿಕೊಂಡೇ ಅವನು ಮಾತಾಡಬೇಕು. ಅದಕ್ಕೇ ಅವನ ಸಬೂಬು ಮೀಸೆಯಷ್ಟಕ್ಕೆ ಇಳಿದುಬಿಟ್ಟಿದೆ. ಬಾಕ್ಸಿಂಗ್‌ನಲ್ಲಿ, ಬಿದ್ದವನು ರೆಫ್ರಿ ಹತ್ತು ಎಣಿಸುವುದರೊಳಗೆ ಏಳದೆ ನಾಕೌಟ್ ಆಗದಿದ್ದರೆ, ಸೋಲು ಹುಟ್ಟುವುದು ರಿಂಗಿನಲ್ಲಲ್ಲ, ತೀರ್ಪುಗಾರರ ಕಾಗದದ ಮೇಲೆ. ಪ್ರತಿ ಸುತ್ತಿಗೆ ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9. ಸ್ವಲ್ಪ ಅಂತರದಲ್ಲಿ ಗೆದ್ದ ಸುತ್ತಿಗೂ ಅದೇ, ಚೆನ್ನಾಗಿ ಗೆದ್ದ ಸುತ್ತಿಗೂ ಬಹುಪಾಲು ಅದೇ.

ಮೇರಿ ಕೋಮ್ ಅವರ ಕೊನೆಯ ಒಲಿಂಪಿಕ್ ಪಂದ್ಯ ಇದಕ್ಕೆ ಒಳ್ಳೇ ಉದಾಹರಣೆ. 2021ರ ಜುಲೈ 29, ಟೋಕಿಯೊ, 51 ಕಿಲೊ ವಿಭಾಗ, ಎದುರಾಳಿ ಕೊಲಂಬಿಯಾದ ಇಂಗ್ರಿಟ್ ವಲೆನ್ಸಿಯಾ. ಮೊದಲ ಸುತ್ತಿನಲ್ಲಿ ಐವರು ತೀರ್ಪುಗಾರರಲ್ಲಿ ನಾಲ್ವರು ವಲೆನ್ಸಿಯಾ ಕಡೆ. ಎರಡನೆಯದೂ ಮೂರನೆಯದೂ 3-2ರಂತೆ ಮೇರಿ ಕಡೆ. ಮೂರರಲ್ಲಿ ಎರಡು ಸುತ್ತು ಗೆದ್ದರೂ ಪಂದ್ಯ 3-2ರಿಂದ ಸೋಲು, ಏಕೆಂದರೆ ಪ್ರತಿ ತೀರ್ಪುಗಾರ ತನ್ನ ಮೂರು ಸುತ್ತನ್ನು ತಾನೇ ಕೂಡಿಸುತ್ತಾನೆ. ಹದಿನೈದು ಅಂಕಪಟ್ಟಿಯಲ್ಲಿ ವಲೆನ್ಸಿಯಾಗೆ ಎಂಟು, ಮೇರಿಗೆ ಏಳು. ತಾನೇ ಗೆದ್ದೆ ಅಂದುಕೊಂಡು ಅವರು ಹೊರಬಂದಿದ್ದರು. ತೀರ್ಪನ್ನು ಪ್ರಶ್ನಿಸಿದರು, ಕೊನೇ ಗಳಿಗೆಯಲ್ಲಿ ಜೆರ್ಸಿ ಬದಲಿಸಲು ಹೇಳಿದ್ದನ್ನೂ ಎತ್ತಿದರು. ಇದು ಸಬೂಬೋ, ದೂರೋ? ಲೆಕ್ಕ ಸರಿಯಿದೆ, ಅವರ ಸಿಟ್ಟಿಗೂ ಅರ್ಥವಿದೆ. ಎರಡೂ ಒಟ್ಟಿಗೆ ನಿಜವಾಗುವ ಆಟ ಇದು.

ಅದರ ಮೇಲೆ ಈ ಆಟದ ಇತಿಹಾಸದಲ್ಲಿ ನಿಜವಾದ ಅನ್ಯಾಯಗಳೂ ಸಾಕಷ್ಟಿವೆ. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ 86 ಏಟು ಹಾಕಿದ್ದ, ಆತಿಥೇಯ ಕೊರಿಯಾದ ಪಾರ್ಕ್ ಸಿ-ಹುನ್ ಹಾಕಿದ್ದು 32. ಚಿನ್ನ ಪಾರ್ಕ್‌ಗೆ ಹೋಯಿತು. 2016ರ ರಿಯೊ ಬಾಕ್ಸಿಂಗ್‌ನಲ್ಲಿ ಫಲಿತಾಂಶ ತಿರುಚುವ ವ್ಯವಸ್ಥೆಯೇ ಇತ್ತೆಂದು 2021ರ ಮೆಕ್‌ಲಾರೆನ್ ತನಿಖಾ ವರದಿ ಹೇಳಿತು. ನಮ್ಮ ಸರಿತಾ ದೇವಿ 2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ಸೆಮಿಫೈನಲ್ ತೀರ್ಪನ್ನು ಒಪ್ಪದೆ, ಪದಕ ಸಮಾರಂಭದಲ್ಲಿ ತನ್ನ ಕಂಚನ್ನು ತನ್ನನ್ನು ಸೋಲಿಸಿದ ಕೊರಿಯಾದ ಹುಡುಗಿಯ ಕೊರಳಿಗೇ ಹಾಕಿ ಅತ್ತರು. ಸಿಕ್ಕಿದ್ದು ಒಂದು ವರ್ಷದ ನಿಷೇಧ. ಹೀಗೆ ಕಳ್ಳ ತೀರ್ಪುಗಳ ನೆನಪು ಇರುವ ಮನೆಯಲ್ಲಿ ಸೋತ ಪ್ರತಿಯೊಬ್ಬನಿಗೂ ತನ್ನ ತೀರ್ಪು ಕಳ್ಳತನದ್ದೇ ಅನಿಸಿದರೆ ಆಶ್ಚರ್ಯವಿಲ್ಲ. ಹುಬ್ಬಳ್ಳಿಯ ಹುಡುಗನೂ ರೆಫ್ರಿಯನ್ನು ಎಳೆದುತಂದದ್ದು ಆ ಧೈರ್ಯದ ಮೇಲೆ.

ಇದಕ್ಕಿಂತ ಮುಖ್ಯ ಅಂತ ನನಗೆ ಅನಿಸುವ ಸಂಗತಿ ಇನ್ನೊಂದು. 'ಅಷ್ಟು ನೋವಿದ್ದರೆ ಮೊದಲೇ ಯಾಕೆ ಹೇಳಲಿಲ್ಲ?' ಅಂತ ನಾವು ಕೇಳುತ್ತೇವೆ. ಆಡುವ ಮೊದಲು ಹೇಳಿದ್ದು ಕಾರಣ, ಸೋತ ಮೇಲೆ ಹೇಳಿದ್ದು ನೆಪ ಅನ್ನುವುದು ನಮ್ಮ ಲೆಕ್ಕ. ಆದರೆ ಬಾಕ್ಸರ್ ಮೊದಲೇ ಹೇಳುವಂತಿಲ್ಲ. ಪಕ್ಕೆಲುಬು ನೋಯುತ್ತಿದೆ ಅಂದರೆ ಎದುರಾಳಿ ಅಲ್ಲಿಗೇ ಗುದ್ದುತ್ತಾನೆ. ಡಾಕ್ಟರಿಗೆ ಗೊತ್ತಾದರೆ ಪಂದ್ಯವೇ ರದ್ದು, ದುಡ್ಡೂ ಹೋಯಿತು. ವೃತ್ತಿಪರ ಬಾಕ್ಸರ್‌ಗೆ ತಿಂಗಳ ಸಂಬಳವಿಲ್ಲ, ವರ್ಷಕ್ಕೆ ಎರಡೋ ಮೂರೋ ಪಂದ್ಯ, ಅದರಲ್ಲೇ ಟ್ರೇನರ್‌ಗೆ, ಮ್ಯಾನೇಜರ್‌ಗೆ ಪಾಲು.

2015ರ ಮೇ 2ರಂದು ಅಮೆರಿಕದ ಫ್ಲಾಯ್ಡ್ ಮೇವೆದರ್ ಎದುರು ಸೋತ ಫಿಲಿಪೀನ್ಸಿನ ಮ್ಯಾನಿ ಪ್ಯಾಕಿಯಾವೊ ಬಲಭುಜಕ್ಕೆ ಪೆಟ್ಟಾಗಿತ್ತು ಅಂದಾಗ ಜಗತ್ತು ನಕ್ಕಿತು. ಆದರೆ ಪೆಟ್ಟು ನಿಜ, ಅದೇ ತಿಂಗಳು ಶಸ್ತ್ರಚಿಕಿತ್ಸೆಯೂ ಆಯಿತು. ಎಡವಟ್ಟು ಬೇರೆ ಕಡೆ ಇತ್ತು. ಪಂದ್ಯದ ಮುನ್ನಾದಿನ ತುಂಬಿದ ಅರ್ಜಿಯಲ್ಲಿ ಭುಜ, ಮೊಣಕೈ, ಕೈಗೆ ಪೆಟ್ಟೇನಾದರೂ ಇದೆಯೇ ಎಂಬ ಪ್ರಶ್ನೆಗೆ 'ಇಲ್ಲ' ಎಂದು ಗುರುತು ಹಾಕಲಾಗಿತ್ತು. ಆ ಪಂದ್ಯವನ್ನು ಅಮೆರಿಕದಲ್ಲಿ 46 ಲಕ್ಷ ಮನೆಗಳವರು ದುಡ್ಡು ಕೊಟ್ಟು ನೋಡಿದ್ದರು. ಮೋಸವಾಯಿತೆಂದು ಕೆಲವರು ಕೋರ್ಟಿಗೆ ಹೋದರು. ನೀವು ದುಡ್ಡು ಕೊಟ್ಟಿದ್ದು ಪಂದ್ಯ ನೋಡಲಿಕ್ಕೆ, ಪಂದ್ಯ ನಡೆಯಿತಲ್ಲ ಎಂಬರ್ಥದ ತೀರ್ಪು ಕೊಟ್ಟು ಮೇಲ್ಮನವಿ ನ್ಯಾಯಾಲಯ 2019ರಲ್ಲಿ ಕೈತೊಳೆದುಕೊಂಡಿತು. ಅಂದರೆ ಈ ಕಸುಬಿನಲ್ಲಿ ನಿಜವೂ ತಡವಾಗಿಯೇ ಬರುತ್ತದೆ, ಸುಳ್ಳೂ ತಡವಾಗಿಯೇ ಬರುತ್ತದೆ. ಎರಡೂ ಒಂದೇ ಬಸ್ಸಿನಿಂದ ಇಳಿದರೆ ಯಾರು ಯಾರೆಂದು ಮುಖ ನೋಡಿ ಹೇಳುವುದು ಕಷ್ಟ.

ನಮ್ಮ ಹುಡುಗರದು ಇದೇ ಕತೆಯ ಚಿಕ್ಕ ರೂಪ. ತೂಕ ಇಳಿಸಲು ಮೂರು ದಿನ ಸರಿಯಾಗಿ ಉಣ್ಣುವುದಿಲ್ಲ, ಎರಡು ಜಾಕೆಟ್ ಹಾಕಿಕೊಂಡು ಓಡುತ್ತಾರೆ, ಬೆಳಿಗ್ಗೆ ತೂಕದ ಯಂತ್ರ ಹತ್ತುವ ತನಕ ನೀರೂ ಗುಟುಕು ಗುಟುಕು. ರಿಂಗಿನಲ್ಲಿ ಎರಡನೇ ಸುತ್ತಿಗೆ ಕಾಲು ಸೀಸದಂತಾಗುತ್ತವೆ. ಇದನ್ನು ಮೊದಲೇ ಹೇಳಿದರೆ ಕೋಚ್ ಬೈಯುತ್ತಾರೆ, ಮನೆಯಲ್ಲಿ ಅವ್ವ ಅಳುತ್ತಾಳೆ. ಸೋತ ಮೇಲೆ ಹೇಳಿದರೆ ಸಬೂಬು.

ದುಡ್ಡಿನ ಮಾತನ್ನು ಇನ್ನಷ್ಟು ಬಿಡಿಸಬಹುದು. ಒಂದೂ ಸೋಲಿಲ್ಲದ ಬಾಕ್ಸರ್‌ನ ಬೆಲೆಯೇ ಬೇರೆ, ಮೇವೆದರ್ 50-0 (50 ಗೆಲುವು, ಸೋಲು ಸೊನ್ನೆ) ಎಂಬ ಅಂಕಿಯನ್ನು ಮಾರಿಕೊಂಡೇ 2017ರಲ್ಲಿ ನಿವೃತ್ತನಾದ. ಆ ಸೊನ್ನೆ ಒಡೆದ ದಿನ ಬಾಕ್ಸರ್‌ಗೆ ಉಳಿಯುವ ದಾರಿ ಮರುಪಂದ್ಯ. 'ಅವನು ನನಗಿಂತ ಚೆನ್ನಾಗಿ ಆಡಿದ, ನಾಳೆ ಆಡಿದರೂ ಅವನೇ ಗೆಲ್ಲುತ್ತಾನೆ' ಅಂತ ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರೆ ಆ ಮರುಪಂದ್ಯದ ಟಿಕೆಟ್ ಯಾರು ಕೊಳ್ಳುತ್ತಾರೆ? ಬೆರಳು ಮುರಿದಿತ್ತು, ಉಡುಗೆ ಭಾರವಿತ್ತು ಅಂದರೆ ಕತೆಗೆ ಎರಡನೇ ಭಾಗ ಉಂಟು. ಪಂದ್ಯ ಏರ್ಪಡಿಸಿ ದುಡ್ಡು ಮಾಡುವ ಪ್ರಮೋಟರ್‌ಗೆ ಸಬೂಬು ಅಂದರೆ ಮುಂಗಡ ಜಾಹೀರಾತು.

ಇಲ್ಲೊಂದು ಚೋದ್ಯ. ವೈಲ್ಡರ್‌ನ ಉಡುಗೆ ಸಬೂಬನ್ನು ಹಂಗಿಸಿ ನಕ್ಕಿದ್ದ ಟೈಸನ್ ಫ್ಯೂರಿಯೇ 2024ರ ಮೇ 18ರಂದು ರಿಯಾದ್‌ನಲ್ಲಿ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಎದುರು ಸೋತಾಗ, ಉಸಿಕ್‌ನ ದೇಶ ಯುದ್ಧದಲ್ಲಿದೆ, ಜನ ಅದರ ಪರ ನಿಲ್ಲುತ್ತಾರೆ ಅಂದ. ಡಿಸೆಂಬರ್ 21ರ ಮರುಪಂದ್ಯದಲ್ಲಿ ಮೂವರೂ ತೀರ್ಪುಗಾರರು 116-112 ಎಂದು ಒಂದೇ ಲೆಕ್ಕ ಕೊಟ್ಟರು. ಆಗಲೂ ಫ್ಯೂರಿಯ ಪ್ರಕಾರ ಗೆದ್ದವನು ಫ್ಯೂರಿಯೇ. ನಗುವವರ ಮನೆಯಲ್ಲೂ ನೆಲ ಡೊಂಕು.

ತಲೆಯೊಳಗಿನ ಮಾತು ಬೇರೆ. ಧಾರವಾಡದ ಸಪ್ತಾಪುರದ ಕಡೆ ಒಂದು ಸುತ್ತು ಹಾಕಿ, ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರು ಹಾಲ್ ಟಿಕೆಟ್ ಕೈಯಲ್ಲಿ ಹಿಡಿದು 'ಏನೂ ಓದಿಲ್ಲಲೇ' ಅನ್ನುವುದನ್ನು ಕೇಳಿ. ಓದಿದವನೂ ಹಾಗೇ ಅನ್ನುತ್ತಾನೆ. ಫೇಲಾದರೆ ಹೋದದ್ದು ಓದು, ಬುದ್ಧಿಯಲ್ಲ. 1978ರಲ್ಲಿ ಬರ್ಗ್ಲಾಸ್ ಮತ್ತು ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಉತ್ತರವೇ ಇಲ್ಲದ ಪ್ರಶ್ನೆಗಳನ್ನು ಕೊಟ್ಟು, ಚೆನ್ನಾಗಿ ಮಾಡಿದಿರಿ ಎಂದು ಹೊಗಳಿ, ಎರಡನೇ ಪರೀಕ್ಷೆಗೆ ಮುಂಚೆ ಎರಡು ಗುಳಿಗೆ ತೋರಿಸಿದರು. ಒಂದು ಬುದ್ಧಿ ಚುರುಕು ಮಾಡುವಂಥದ್ದು, ಇನ್ನೊಂದು ಮಂಕು ಮಾಡುವಂಥದ್ದು ಎಂದು ಹೇಳಿದರು. ಮೊದಲ ಗೆಲುವು ಹೇಗೆ ಬಂತೆಂದೇ ಗೊತ್ತಿಲ್ಲದ ಗಂಡುಹುಡುಗರಲ್ಲಿ ಹೆಚ್ಚಿನವರು ಆರಿಸಿದ್ದು ಮಂಕು ಮಾಡುವ ಗುಳಿಗೆಯನ್ನು! ಸೋತರೆ ಗುಳಿಗೆಯ ಮೇಲೆ ಹಾಕಬಹುದಲ್ಲ. 2019ರ ಜೂನ್ 1ರಂದು ವಿಶ್ವ ಚಾಂಪಿಯನ್ ಆಂಥನಿ ಜೋಶುವಾನನ್ನು ಕೆಡವಿ ಜಗತ್ತನ್ನೇ ಬೆರಗುಗೊಳಿಸಿದ ಆಂಡಿ ರೂಯಿಸ್, ಆರು ತಿಂಗಳಿಗೆ ಮರುಪಂದ್ಯಕ್ಕೆ ಬಂದಾಗ 268 ಪೌಂಡಿನಿಂದ 283ಕ್ಕೆ ಏರಿದ್ದ. ಸೋತ ಮೇಲೆ ಮೂರು ತಿಂಗಳ ಮೋಜು-ಮಜಾ ಕಾರಣ ಅಂದ. ಅವನ ಮನಸ್ಸು ಹೊಕ್ಕು ನೋಡಿದವರಿಲ್ಲ, ಆದರೂ ಆ ಗುಳಿಗೆ ನನಗೆ ನೆನಪಾಗುತ್ತದೆ.

ಬಾಕ್ಸರ್‌ನ ತಲೆಗೆ ಇನ್ನೊಂದು ಕಷ್ಟ ಇದೆ. ನಾಕೌಟ್ ಆದವನಿಗೆ ಆ ಏಟೇ ನೆನಪಿರದೆ ಹೋಗಬಹುದು. ಮಿದುಳು ಅಲುಗಿದ ಹಿಂದುಮುಂದಿನ ಗಳಿಗೆಗಳು ಅಳಿಸಿಹೋಗುತ್ತವೆ. ಅಂಥವನ ಬಾಯಿಗೆ ಐದೇ ನಿಮಿಷದಲ್ಲಿ ಮೈಕ್ ಹಿಡಿದು 'ಏನಾಯಿತು?' ಅಂತ ಕೇಳುವವರು ನಾವು. ಖಾಲಿ ಜಾಗಕ್ಕೆ ಅವನು ಏನನ್ನಾದರೂ ತುಂಬಬೇಕು. ತುಂಬಿದ್ದನ್ನೇ ಕತ್ತರಿಸಿ ರೀಲ್ಸ್ ಮಾಡಿ ನಗುವವರೂ ನಾವೇ.

ಹಾಗಂತ ಚೆಂದವಾಗಿ ಸೋತವರು ಇಲ್ಲವೇ ಅಂದರೆ, ಇದ್ದಾರೆ. 1926ರಲ್ಲಿ ಜೀನ್ ಟನಿ ಎದುರು ಪಟ್ಟ ಕಳೆದುಕೊಂಡು ಮುಖ ಊದಿಸಿಕೊಂಡು ಬಂದ ಜ್ಯಾಕ್ ಡೆಂಪ್ಸಿ, ಏನಾಯಿತೆಂದು ಕೇಳಿದ ಹೆಂಡತಿಗೆ 'ತಲೆ ಬಗ್ಗಿಸೋದು ಮರೆತೆ ಕಣೇ' ಅಂದ. ರೂಯಿಸ್ ಕೆಡವಿದ ರಾತ್ರಿ ಜೋಶುವಾ ನೆಪ ಹೇಳದೆ ಅವನನ್ನು ಅಭಿನಂದಿಸಿದ. ಇನ್ನು ಮುಖ ತೋರಿಸಲಾರದವರೂ ಉಂಟು. ಫ್ಲಾಯ್ಡ್ ಪ್ಯಾಟರ್ಸನ್ 1962ರಲ್ಲಿ ಸೋನಿ ಲಿಸ್ಟನ್‌ಗೆ ಮೊದಲ ಸುತ್ತಿನಲ್ಲೇ ಸೋತು, ಮೊದಲೇ ತಂದಿಟ್ಟುಕೊಂಡಿದ್ದ ಸುಳ್ಳು ಗಡ್ಡ ಅಂಟಿಸಿಕೊಂಡು ಷಿಕಾಗೊ ಬಿಟ್ಟು ಹೊರಟ. ನಮ್ಮ ಜಟ್ಟಿಗೆ ಮೀಸೆ ಉಳಿದರೆ ಸಾಕಿತ್ತು, ಇವನು ಗಡ್ಡವನ್ನೇ ಬೆಳೆಸಿಬಿಟ್ಟ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಮಾತ್ರ ಜಾರ್ಜ್ ಫೋರ್‌ಮನ್. 1974ರ ಅಕ್ಟೋಬರ್ 30ರಂದು ಕಿನ್ಷಾಸಾದಲ್ಲಿ ಮುಹಮ್ಮದ್ ಅಲಿ, ಆಗ ಚಾಂಪಿಯನ್ ಆಗಿದ್ದ ಅವನನ್ನು 8ನೇ ಸುತ್ತಿನಲ್ಲಿ ಕೆಡವಿದ. ವರ್ಷಗಟ್ಟಲೆ ಫೋರ್‌ಮನ್ ಹೇಳದ ಸಬೂಬಿಲ್ಲ. ರೆಫ್ರಿ ಬೇಗ ಬೇಗ ಎಣಿಸಿದ. ಕುಡಿದ ನೀರಿಗೆ ಔಷಧದ ವಾಸನೆ ಇತ್ತು. ರಿಂಗಿನ ಹಗ್ಗ ಸಡಿಲ ಮಾಡಿದ್ದರು, ಮಾಡಿದವನು ಅಲಿಯ ಟ್ರೇನರ್ ಆಂಜೆಲೊ ಡಂಡಿ. ಎಷ್ಟೋ ವರ್ಷಗಳ ಮೇಲೆ, ಅಲಿ ನನ್ನನ್ನು ನ್ಯಾಯವಾಗಿಯೇ ಸೋಲಿಸಿದ ಅಂತ ಒಪ್ಪಿಕೊಂಡ. ಇಬ್ಬರೂ ಗೆಳೆಯರಾದರು. 1994ರ ನವೆಂಬರ್ 5ರಂದು, 45ರ ವಯಸ್ಸಿನಲ್ಲಿ, ಮೈಕಲ್ ಮೂರರ್‌ನನ್ನು ಕೆಡವಿ ಅವನು ಮತ್ತೆ ಚಾಂಪಿಯನ್ ಆದಾಗ ತೊಟ್ಟಿದ್ದು ಕಿನ್ಷಾಸಾದಲ್ಲಿ ಸೋತ ದಿನದ ಅದೇ ಕೆಂಪು ಚಡ್ಡಿ. ಕಾರ್ನರ್‌ನಲ್ಲಿ ನಿಂತವನು ಅದೇ ಡಂಡಿ.

ವೈಲ್ಡರ್ ತನ್ನ ಜೀವ ಉಳಿಸಲು ಟವೆಲ್ ಎಸೆದವನನ್ನು ಹೊರಗೆ ಹಾಕಿದ, ಮೂರನೇ ಪಂದ್ಯದಲ್ಲಿ 11ನೇ ಸುತ್ತಿಗೆ ಮತ್ತೆ ಬಿದ್ದ. ಫೋರ್‌ಮನ್, ಹಗ್ಗ ಸಡಿಲಿಸಿದ ಅಂತ ತಾನು ದೂರಿದ್ದ ಡಂಡಿಯನ್ನೇ ಕರೆದು ಪಕ್ಕಕ್ಕೆ ನಿಲ್ಲಿಸಿಕೊಂಡ. ಇಬ್ಬರ ಸಬೂಬೂ ಹೆಚ್ಚುಕಡಿಮೆ ಒಂದೇ ಮಟ್ಟದ್ದು, ನೀರಿನ ಮಾತಂತೂ ಇಬ್ಬರಲ್ಲೂ ಇದೆ. ಹಾಗಾಗಿ ಬಾಕ್ಸರ್ ಸೋತ ರಾತ್ರಿ ಏನಂದ ಅನ್ನುವುದನ್ನು ನಾನು ಈಗ ಅಷ್ಟಾಗಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸಬೂಬು ಅವನಿಗೆ ಮತ್ತೆ ರಿಂಗಿಗೆ ಹತ್ತಲು ಬೇಕಾದ ಊರುಗೋಲು ಇರಬಹುದು. ಮುಂದಿನ ಆರು ತಿಂಗಳು ಯಾರ ಮಾತು ಕೇಳಿದ, ಯಾವ ಕೈ ಎತ್ತಿ ಹಿಡಿದ ಅನ್ನುವುದು ನೋಡಬೇಕಾದ್ದು.

ಹದಿನೈದು ದಿನ ಬಿಟ್ಟು ಮತ್ತೆ ಆ ಗೋದಾಮಿಗೆ ಹೋದೆ. ಹುಡುಗ ಒಡೆದ ಕನ್ನಡಿಯ ಮುಂದೆ ನಿಂತು ಗಾಳಿಗೆ ಗುದ್ದುತ್ತಿದ್ದ. ಬಲಗೈ ಫೋನ್ ಹಿಡಿದವರ ಹಾಗೆ ಕಿವಿಗೆ ಅಂಟಿತ್ತು. ಎಡಗೈ ಜ್ಯಾಬ್ ಹೋಗಿ ಬಂದರೂ ಅದು ಅಲುಗುತ್ತಿರಲಿಲ್ಲ. ಐವತ್ತು, ಅರವತ್ತು, ಎಪ್ಪತ್ತು. ಮೊಣಕೈಯಿಂದ ಬೆವರು ತೊಟ್ಟಿಕ್ಕಿ ನೆಲದ ಮೇಲೆ ಚಿಕ್ಕ ಮಡು ಆಗಿತ್ತು. ನನ್ನನ್ನು ಕಂಡು ನಿಲ್ಲಿಸಿದ.

"ಖರೇನ ರೀ ಅಣ್ಣಾರ, ಅವತ್ತ ಗ್ಲೌಸ್ ಭಾಳ ಹಸಿ ಇದ್ದೂ."

ಕೋಚ್ ಆ ಕಡೆಯಿಂದ ತಿರುಗಿಯೂ ನೋಡದೆ ಅಂದರು, "ಇರಲಿ ಬಿಡು, ಗೊತ್ತೈತಿ. ಕೈ ಮ್ಯಾಲ."